ಎರಡನೇ ಏಟು

ಚೆಲುವಾಂಬ ಉಡಚಪ್ಪನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಅವನ ಕೈ ಮುರಿದ ಮೇಲೆ.

ಮೊದಲು ಕೈ, ಆಮೇಲೆ ಮಾತು. ಅವಳ ಸ್ವಭಾವವೇ ಹಾಗೆ. ಮಂಡ್ಯದ ಕಡೆಯ ಹೆಣ್ಣು, ಕೊಕ್ಕೋ ಆಡಿ ಗಟ್ಟಿಯಾದ ಮೈ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿ, ದೂರದೂರದ ನೌಕರರು ಟ್ರಂಕು ಹೊತ್ತುಕೊಂಡು ಬಂದಿಳಿಯುತ್ತಿದ್ದ ಕಾಲ. ಅವಳೂ ಹಾಗೇ ಬೆಟಗೇರಿಯ ಹೈಸ್ಕೂಲಿಗೆ ಆಟದ ಟೀಚರಾಗಿ ಬಂದಳು. ಜೊತೆಗೆ ತಾಯಿ ಚಿಕ್ಕತಾಯಮ್ಮ. ನೇಕಾರರ ಓಣಿಯಲ್ಲಿ ಅಖ್ತರಿ ಅನ್ನುವ ಹಿರಿಯ ಹೆಂಗಸಿನ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು.

ಓಣಿಯಲ್ಲಿ ನಳಕ್ಕೆ ನೀರು ಬರುವುದು ನಸುಕಿನಲ್ಲಿ. ಅವತ್ತು ಕೊಡ ಹಿಡಿದು ಹಿತ್ತಲ ಬಾಗಿಲು ತೆಗೆದರೆ, ಯಾವನೋ ಒಬ್ಬ ಗೋಡೆಗೆ ಒರಗಿಸಿದ್ದ ಹಳೇ ಕದವನ್ನು ಹೆಗಲಿಗೇರಿಸುತ್ತಿದ್ದಾನೆ. ಕೂಗಿ ನಾಲ್ಕು ಜನರನ್ನು ಸೇರಿಸುವ ಜಾಯಮಾನ ಅವಳದಲ್ಲ. ಬಾಗಿಲ ಸಂದಿಯಲ್ಲಿದ್ದ ಹಾಕಿ ಸ್ಟಿಕ್ಕು ಕೈಗೆ ಬಂತು. ಒಂದು ಏಟು, ಸರಿಯಾಗಿ ಬೆನ್ನಿಗೆ.

ಕದ ಕೆಳಗೆ ಬಿತ್ತು. ಅವನು ತಿರುಗಿದ. ತಿರುಗಿ, ನಕ್ಕ.

"ಹೊಡೀರಿ ಅಕ್ಕಾರ, ಹೊಡೀರಿ. ಕಾಮಣ್ಣಗ ಒಯ್ಯಾಕತ್ತೇನಿ. ನಿಮ್ಮ ಕೈಯಾಂದು ತಿಂದ್ರ ನನಗ ಪುಣ್ಯಾನ ಬರತೈತಿ."

ಈ ಕಡೆ ಹೆಣ್ಣು ಟೀಚರನ್ನು ಅಕ್ಕಾರು ಅನ್ನುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಕಾಮಣ್ಣ ಯಾರೆಂದು ಗೊತ್ತಿರಲಿಲ್ಲ. ಕದಿಯಲು ಬಂದವನು ನಗುತ್ತಾನಲ್ಲ ಅನ್ನುವುದೊಂದೇ ತಲೆಗೆ ಹೋಯಿತು, ಮೈಯೆಲ್ಲ ಉರಿಯಿತು. ಎರಡನೇ ಏಟು ಬೀಸಿದಳು. ಅವನು ಅಡ್ಡ ಹಿಡಿದ ಬಲಗೈ ಒಣ ತೊಗರಿ ಕಟ್ಟಿಗೆಯ ಹಾಗೆ ಲಟ್ಟೆಂದಿತು. ನಗು ಅಲ್ಲಿಗೆ ನಿಂತಿತು.

ಸದ್ದು ಕೇಳಿ ಅಖ್ತರಿ ಕಂದೀಲು ಹಿಡಿದು ಬಂದಳು. ಬೆಳಕಿನಲ್ಲಿ ಕಂಡಿದ್ದು ಕಳ್ಳನ ಮುಖವಲ್ಲ. ಎದುರು ಮನೆಯಲ್ಲಿ ದಿನವಿಡೀ ಮಗ್ಗದ ಲಾಳಿ ಹೊಡೆಯುತ್ತಿದ್ದ ನೇಕಾರ ಉಡಚಪ್ಪನ ಮುಖ. ಬೆವರಿಳಿಯುತ್ತಿದ್ದರೂ ಅವನು ಅವಳನ್ನೇ ನೋಡುತ್ತಿದ್ದ, ಸಿಟ್ಟಿಲ್ಲದೆ, ಬರೀ ಆಶ್ಚರ್ಯದಿಂದ.

"ಏನ್ ಮಾಡಿದೆವ್ವಾ," ಅಂದಳು ಅಖ್ತರಿ. "ಆ ಕದಾ ಅಲ್ಲೆ ಇಟ್ಟಾಕಿನ ನಾನು. ಬಂದು ಕದ್ದೊಯ್ಯಿ ಅಂತ ಇವಗ ಹೇಳಿ ಕಳಿಸಿದಾಕಿನೂ ನಾನು."

ಅಖ್ತರಿಯ ಗಂಡ ನಿಜಾಮುದ್ದೀನ ಮುರಿದ ಎಲುಬು ಕಟ್ಟುವುದರಲ್ಲಿ ಪಳಗಿದವನು. ಪಡಸಾಲೆಯಲ್ಲಿ ಅವನು ಬಿದಿರ ಸೀಳು ಇಟ್ಟು ಬಟ್ಟೆ ಬಿಗಿಯುತ್ತಿದ್ದ. ಚೆಲುವಾಂಬ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಅಖ್ತರಿ ಸಣ್ಣ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಹೋಳಿ ಹುಣ್ಣಿವಿಗೆ ಕಾಮಣ್ಣನ್ನ ಸುಡ್ತಾರ. ಸುಡೂ ಕಟಗಿ ಕದ್ದು ತರಬೇಕು, ಕೇಳಿ ತರಬಾರದು. ಓಣ್ಯಾಗಿನ ಎಲ್ಲಾ ಮನಿದೂ ಒಂದೊಂದು ಚೂರು ಬೇಕು. ಯಾರ ಮನ್ಯಾಗ ಕದಿಯೂದಿಲ್ಲೋ ಅವರು ನಮ್ಮಾವರಲ್ಲ ಅಂತ ಲೆಕ್ಕ. ನಿಮ್ಮದು ಗ್ಯಾಸಿನ ಒಲಿ, ಹಿತ್ತಲದಾಗ ಒಂದು ಪುಳ್ಳಿ ಕಟಗಿನೂ ಇಲ್ಲ. ಹೊಸದಾಗಿ ಬಂದಾವರು, ಹೊರಗ ಉಳೀಬಾರದು ಅಂತ ನಮ್ಮ ಹಳೇ ಕದಾ ನಿಮ್ಮ ಗ್ವಾಡಿಗೆ ಒರಗಿಸಿದ್ದೆ."

ಚೆಲುವಾಂಬ ತನ್ನ ಕೈಯನ್ನೇ ನೋಡಿಕೊಂಡಳು. ತನ್ನನ್ನು ತಮ್ಮವಳೆಂದು ಸೇರಿಸಿಕೊಳ್ಳಲು ಒಬ್ಬ ನಸುಕಿನಲ್ಲೆದ್ದು ಗೋಡೆ ಹಾರಿ ಬಂದಿದ್ದ. ಹಿಂದೆ ಯಾವ ಊರಿನಲ್ಲೂ ಯಾರೂ ಹಾಗೆ ಬಂದಿರಲಿಲ್ಲ. ಬಂದ ಒಬ್ಬನ ಕೈಯನ್ನು ಅವಳು ಮುರಿದು ಇಟ್ಟಿದ್ದಳು.

ಬಿಸಿಲೇರುವ ಮುಂಚೆ ಉಡಚಪ್ಪನ ಅಣ್ಣ ಗದಿಗೆಪ್ಪ ಬಂದ. ಕಾಳುಕಡಿ ಮಾರುವ ಪೇಟೆ ಗಂಜಿನಲ್ಲಿ ಮೂಟೆ ಹೊರುವ ಆಳು, ಬಾಗಿಲು ತುಂಬ ನಿಲ್ಲುವಂಥ ದೇಹ. ಬಂದವನೇ ತುಂಬಿದ ಕೊಡಗಳಿಗೆ ಒದ್ದ. ಒಂದು ಹಿತ್ತಾಳೆ ಕೊಡ ಉರುಳಿ ಹೋಗಿ ಚಿಕ್ಕತಾಯಮ್ಮನ ಕಾಲಿಗೆ ಬಡಿಯಿತು.

"ನೌಕರಿ ನಿಮಗ ಬೇಕು, ಬಾಡಿಗಿ ಮನಿ ನಿಮಗ ಬೇಕು, ನಮ್ಮ ಕೈ ಮುರಿಯೂ ಹಕ್ಕೂ ನಿಮಗ ಬೇಕೇನು? ನೇಕಾರನ ಬಲಗೈ ಅದು. ಹುಣ್ಣಿವಿ ಒಳಗ ಈ ಮನಿ ಖಾಲಿ ಆಗಬೇಕು. ಆಗಲಿಲ್ಲಂದ್ರ ನಿಮ್ಮ ಸಾಮಾನೆಲ್ಲಾ ಕಾಮಣ್ಣನ ಮ್ಯಾಲ ಬೀಳತೈತಿ."

ಸಂಜೆ ಹಂಚಿನ ಮೇಲೆ ಕಲ್ಲು ಬಿದ್ದವು. ಒಂದು ಹಂಚು ಒಡೆದು ಚೂರು ಸಾರಿನ ಪಾತ್ರೆಯೊಳಗೇ ಬಿತ್ತು. ಚಿಕ್ಕತಾಯಮ್ಮ ಇಬ್ಬರ ಬಟ್ಟೆಗಳನ್ನೂ ಟ್ರಂಕಿಗೆ ತುಂಬತೊಡಗಿದಳು.

"ಓಗ್ಬುಡಾನ ಕಣ್ ಮಗ. ಈ ಸವಾಸ ಬ್ಯಾಡ. ಅದ್ಯಾವ್ದೋ ಅಬ್ಬ, ಅದ್ಯಾವ್ದೋ ಕಳ್ತನ, ನಮ್ಗೆ ತಿಳಿಯಾಕಿಲ್ಲ."

"ಇಲ್ಲವ್ವ. ಮುರಿದೋಳು ನಾನು. ಮುರಿದು ಓಡೋದ್ರೆ, ಹೊಡೆದು ಎದ್ದೋಗ್ತಿದ್ದ ಅಪ್ಪಂಗೂ ನನಗೂ ಏನವ್ವ ವ್ಯತ್ಯಾಸ?"

ತಾಯಿ ತುಂಬುವುದನ್ನು ನಿಲ್ಲಿಸಿದಳು. ಟ್ರಂಕು ಮಾತ್ರ ಮುಚ್ಚಲಿಲ್ಲ, ತೆಗೆದೇ ಇಟ್ಟಳು.

ಮರುದಿನ ಚೆಲುವಾಂಬ ರಾಗಿ ಮುದ್ದೆ, ಸೊಪ್ಪಿನ ಸಾರು ಹೊತ್ತು ಓಣಿ ದಾಟಿದಳು. ಉಡಚಪ್ಪನ ತಾಯಿ ಫಕ್ಕೀರವ್ವ ಅಂಗಳ ಗುಡಿಸುತ್ತಿದ್ದಳು. ಯಾರು ಬಂದದ್ದೆಂದು ಕಂಡಿದ್ದೇ ತಡ, ಹಿಡಿದ ಕಸಬರಿಗೆಯಲ್ಲೇ ಬೀಸಿದಳು. ಹೆಗಲಿಗೆ ಬಿತ್ತು. ಕುತ್ತಿಗೆಗೆ ಬಿತ್ತು. ಚೆಲುವಾಂಬಳ ಬಲಗೈ ತಾನಾಗಿಯೇ ಮೇಲೇಳಲು ಹೊರಟಿತು. ಅದನ್ನು ಸಾರಿನ ಪಾತ್ರೆಗೆ ಒತ್ತಿ ಹಿಡಿದಳು. ಪಾತ್ರೆ ಸುಡುತ್ತಿತ್ತು, ಬಿಡಲಿಲ್ಲ.

"ಹೊಡೀರಿ," ಅಂದಳು. "ಸಾಕು ಅನ್ಸೋವರೆಗೂ ಹೊಡೀರಿ."

ಮುದುಕಿ ಕೈ ಸೋಲುವವರೆಗೆ ಹೊಡೆದಳು. ಕೊನೆಗೆ ಕಸಬರಿಗೆ ಬಿಸಾಕಿ ಏದುಸಿರು ಬಿಡುತ್ತ ಕಟ್ಟೆಗೆ ಕುಕ್ಕರಿಸಿದಳು. "ಅವಗ ಹಸಿವಾಗೈತಿ. ಒಳಗ ಹೋಗು."

ಒಳಗೆ ಮಗ್ಗ ಸುಮ್ಮನಿತ್ತು. ಅರ್ಧ ನೇಯ್ದ ಕೆಂಪು ಸೀರೆ ಹಾಗೇ ನಿಂತಿತ್ತು. ಅದರ ಪಕ್ಕದಲ್ಲಿ ಉಡಚಪ್ಪ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಮುದ್ದೆಯನ್ನು ಕಣ್ಣಿನಲ್ಲೇ ಅಳೆದ.

"ಇದನ್ನ ತಿನ್ನಾಕ ತಂದೀರೋ, ಒಗದು ಹೊಡ್ಯಾಕ ತಂದೀರೋ?"

"ತಿನ್ನೋಕೆ. ಅಗೀಬಾರದು, ನುಂಗಬೇಕು."

"ನಿಮ್ಮೂರಾಗ ಎಲ್ಲಾ ಹಂಗನ ಏನ್ರಿ? ಕೇಳೂದಿಲ್ಲ, ಅಗಿಯೂದಿಲ್ಲ, ಒಮ್ಮಿಗೆ ಕೆಲಸಾ ಮುಗಿಸೂದು?"

ಅವಳಿಗೆ ನಗು ಬಂತು. ತಡೆದುಕೊಂಡಳು. ತಡೆದುಕೊಂಡದ್ದು ಅವನಿಗೆ ಕಂಡಿತು, ಅವನ ತುಟಿಯ ಒಂದು ಮೂಲೆ ಮೆಲ್ಲಗೆ ಮೇಲೆ ಹೋಯಿತು. ಎಡಗೈಯಲ್ಲಿ ಮುದ್ದೆ ಮುರಿಯಲು ಹೋಗಿ ಅಂಗಿ ತುಂಬ ಸಾರು ಚೆಲ್ಲಿಕೊಂಡ. ನೋಡಲಾಗದೆ ಅವಳೇ ಮುರಿದು, ಅದ್ದಿ, ಬಾಯಿಗಿಟ್ಟಳು. ಅವನು ನುಂಗುವಾಗ ಅವಳನ್ನೇ ನೋಡಿದ. ಕೆಟ್ಟ ನೋಟವಲ್ಲ. ಆದರೂ ಅವಳಿಗೆ ಸಾರಿನ ಪಾತ್ರೆಯಲ್ಲಿ ಏನೋ ಹುಡುಕುವ ಕೆಲಸ ಬಂತು.

ದಿನಾ ಹೋದಳು. ಗದಿಗೆಪ್ಪ ಗಂಜಿಗೆ ಹೋದ ಮೇಲೆ ಹೋಗುವಳು, ಅವನು ಬರುವ ಮುಂಚೆ ಏಳುವಳು. ಫಕ್ಕೀರವ್ವ ಮಾತಾಡಿಸಲಿಲ್ಲ, ಓಡಿಸಲೂ ಇಲ್ಲ. ಒಂದು ದಿನ ಉಡಚಪ್ಪ ಕೇಳಿದ.

"ಮೊದಲನೇದು ಕಳ್ಳಗ ಹೊಡದ್ರಿ, ಒಪ್ಪಿದೆ. ಎರಡನೇದು ಯಾಕ ಹೊಡದ್ರಿ?"

ಅವಳು ಪಾತ್ರೆಯನ್ನು ಕೆಳಗಿಟ್ಟಳು. "ನೀವು ನಕ್ಕಿರಿ. ನಮ್ಮಪ್ಪ ಹೊಡೆಯೋಕೆ ಮುಂಚೆ ನಗ್ತಿದ್ದ. ಅವ್ವನ ಜುಟ್ಟು ಹಿಡಿದು, ನಕ್ಕು, ಆಮೇಲೆ ಹೊಡೀತಿದ್ದ. ಕಾಲೇಜಿಗೆ ಹೋಗೋ ವಯಸ್ಸಲ್ಲಿ ಒಂದಿನ ಅವನ ಕೈ ಹಿಡಿದು ತಿರುಚಿದೆ. ಅವತ್ತಿಂದ ನಮ್ಮನೇಲಿ ಹೊಡೆತ ನಿಂತೋಯ್ತು. ಕೈಗೆ ಮಾತ್ರ ಮರ್ಯಾದೆ ಅನ್ನೋದು ನನ್ನ ತಲೇಲಿ ಕೂತುಬಿಟ್ಟಿದೆ."

ಉಡಚಪ್ಪ ನಗಲಿಲ್ಲ. ಬೇರೆ ಯಾರದೋ ಕಥೆ ಹೇಳುವವನಂತೆ ಶುರುಮಾಡಿದ.

"ಶಿವ ಕಣ್ಣು ಮುಚ್ಚಿ ಕುಂತಿದ್ನಂತ. ಕಾಮಣ್ಣ ಹೂವಿನ ಬಾಣ ಬಿಟ್ಟ. ಯಾವನಾವ ನನ್ನ ಮನ್ಯಾಗ ಹೊಕ್ಕಾವ ಅಂತ ಶಿವಗ ಸಿಟ್ಟು ಬಂತು. ಮೂರನೇ ಕಣ್ಣು ತಗದ. ಕಾಮಣ್ಣ ಬೂದಿ. ಆಮ್ಯಾಲ ರತಿ ಬಂದು ಬಾಯಿ ಬಾಯಿ ಬಡಕೊಂಡು ಅತ್ತಳು. ಅದಕ್ಕ ನಾವು ಸುಡೂ ಮುಂದ ಲಬೋ ಲಬೋ ಅಂತೇವಿ. ಆಕಿ ಅಳೂದು ಕೇಳಿದ ಮ್ಯಾಲ ಶಿವಗ ತಿಳೀತು, ಬಂದಾವ ಕೇಡು ಬಗಿಯಾಕ ಬಂದಿದ್ದಿಲ್ಲ ಅಂತ. ಜೀವಾ ತಿರುಗಿ ಕೊಟ್ಟ. ಮೈ ಮಾತ್ರ ಕೊಡಲಿಲ್ಲ."

"ಮೈ ಇಲ್ಲದೋನು ಎಲ್ಲಿರ್ತಾನೆ?"

"ಯಾರು ಜಾಗಾ ಕೊಡ್ತಾರೋ ಅವರಲ್ಲೆ."

ಇಷ್ಟು ಹೇಳಿ ಅವನು ಅವಳತ್ತ ನೋಡಿದ. ಅವಳು ಮಗ್ಗದತ್ತ ನೋಡಿದಳು. ಸೀರೆಯ ಕೆಂಪೆಲ್ಲ ಅವಳ ಮುಖಕ್ಕೆ ಬಂದಿತ್ತು. ಮನೆಗೆ ಬಂದು ಟ್ರಂಕಿನಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದಳು. ಅವನನ್ನು ಬಿಟ್ಟು ಹೋಗುವುದು ತನ್ನಿಂದಾಗದು. ಅದು ಅವಳಿಗೆ ಅವತ್ತೇ ಗೊತ್ತಾಯಿತು.

ಹುಣ್ಣಿಮೆಯ ಸಂಜೆ ಬಂತು. ಓಣಿಗಳು ಕೂಡುವ ಜಾಗದಲ್ಲಿ ಕಟ್ಟಿಗೆ, ಕುಳ್ಳು ಒಟ್ಟಿ, ಮೇಲೆ ಕಾಮಣ್ಣನನ್ನೂ ರತಿಯನ್ನೂ ಕೂರಿಸಿದ್ದರು. ಹುಡುಗರು ಬಾರಿಸುತ್ತಿದ್ದ ಹಲಗೆಯ ಸದ್ದು ಎದೆಯನ್ನೇ ಬಡಿಯುತ್ತಿತ್ತು. ಆ ಸದ್ದಿನ ಹಿಂದೆಯೇ ಗದಿಗೆಪ್ಪ ಬಂದ, ಗಂಜಿನ ಆಳುಗಳನ್ನು ಕಟ್ಟಿಕೊಂಡು. ಕುಡಿದಿದ್ದರು.

ಮಾತಿಲ್ಲ ಕಥೆಯಿಲ್ಲ. ಹಾರೆ ಹಾಕಿ ಚೆಲುವಾಂಬಳ ಮನೆಯ ಮುಂಬಾಗಿಲ ಕದವನ್ನೇ ಕಿತ್ತರು. ಅದು ಚಿಕ್ಕತಾಯಮ್ಮನ ಕಣ್ಣೆದುರೇ ಹೋಗಿ ಕಾಮಣ್ಣನ ಕಾಲಡಿ ಬಿತ್ತು. ಹಿಂದೆಯೇ ಮಂಚ ಹೋಯಿತು, ಮಣೆ ಹೋಯಿತು. ಅಖ್ತರಿ ಓಡಿ ಬಂದು ಹೊಸಿಲ ಮೇಲೆ ನಿಂತಳು.

"ಗದಿಗ್ಯಾ, ನೀ ಹುಟ್ಟಿದಾಗ ನಿಮ್ಮವ್ವಗ ನೀರು ಕಾಸಿದಾಕಿ ನಾನು. ನನ್ನ ದಾಟಿ ಹೋಗಲೇ ನೋಡೂಣು."

ಗದಿಗೆಪ್ಪ ತಡೆದು ನಿಂತ. ಹಿಂದಿದ್ದ ಆಳೊಬ್ಬ ನಿಲ್ಲಲಿಲ್ಲ, ಮುದುಕಿಯ ತೋಳು ಹಿಡಿದು ಎಳೆದು ಬಿಸುಟ. ಬಳೆ ಒಡೆದು ಮುಂಗೈಯಿಂದ ರಕ್ತ ಚಿಮ್ಮಿತು.

ರಕ್ತ ಕಂಡ ಮೇಲೆ ಚೆಲುವಾಂಬ ಚೆಲುವಾಂಬಳಾಗಿ ಉಳಿಯಲಿಲ್ಲ. ಸ್ಟಿಕ್ಕು ಬೀಸಿದ ರಭಸಕ್ಕೆ ಆ ಆಳಿನ ಮೊಣಕಾಲು ಕುಸಿಯಿತು. ಇನ್ನೊಬ್ಬನ ಮೂಗು ಒಡೆಯಿತು. ಮತ್ತೊಬ್ಬ ಹಿಂದಿನಿಂದ ಜಡೆ ಹಿಡಿದೆಳೆದ. ಮೊಣಕೈಯಿಂದ ಅವನ ಪಕ್ಕೆಗೆ ಗುದ್ದಿದಳು. ತುಟಿ ಸೀಳಿ ಬಾಯೆಲ್ಲ ಉಪ್ಪಾಗಿತ್ತು. ಗದಿಗೆಪ್ಪ ಕಟ್ಟಿಗೆಯ ಒಟ್ಟಿಲಿನಿಂದ ಒಂದು ಬಡಿಗೆ ಎಳೆದುಕೊಂಡು ಅವಳತ್ತ ನುಗ್ಗಿದ.

ನಡುವೆ ಉಡಚಪ್ಪ ಬಂದು ನಿಂತ.

"ಅಣ್ಣಾ, ಕಾಮಣ್ಣಗ ಕಳವು ನಡೀತೈತಿ. ಲೂಟಿ ನಡಿಯೂದಿಲ್ಲ. ಹಿಂಗ ತಂದ ಕಟಗಿಲೆ ಸುಟ್ಟರ ಅದು ಹಬ್ಬಾ ಅಲ್ಲ."

"ಸರಿಯಲೇ ಆಚಿಗೆ. ನಿನ್ನ ಸಲುವಾಗಿನ ಮಾಡಾಕತ್ತೇನಿ."

"ನನ್ನ ಸಲುವಾಗಿ ಅಂದ್ರ ಬಿಟ್ಟುಬಿಡು. ಆಕಿ ಹೋದ್ಲಂದ್ರ ನಾನೂ ಈ ಓಣ್ಯಾಗ ಇರಾಂವಲ್ಲ."

ಕುಡಿದ ಕೈಗೆ ಕಿವಿ ಇರುವುದಿಲ್ಲ. ಬೀಸಿದ ಬಡಿಗೆ ಚೆಲುವಾಂಬಳನ್ನು ಮುಟ್ಟಲಿಲ್ಲ, ಕೊರಳಿಗೆ ಕಟ್ಟಿದ್ದ ಕೈಗೇ ಬಿತ್ತು. ಬಿದಿರ ಸೀಳು ಮುರಿದವು. ಉಡಚಪ್ಪ ಕೂಗಲೂ ಇಲ್ಲ. ಹಾಗೇ ಕುಸಿದ, ಹಣೆ ಹೊಸಿಲಿಗೆ ಬಡಿದು ಒಡೆಯಿತು.

ಚೆಲುವಾಂಬಳ ಸ್ಟಿಕ್ಕು ಗದಿಗೆಪ್ಪನ ತಲೆಯ ಮೇಲಿತ್ತು. ಇಳಿಸಿದರೆ ಬುರುಡೆ ಎರಡಾಗುತ್ತಿತ್ತು. ನೋಡುತ್ತಿದ್ದವರಿಗೂ ಗೊತ್ತು, ಅವಳಿಗೂ ಗೊತ್ತು. ಇಳಿಸಲು ಅವಳಿಗೆ ಮನಸ್ಸೂ ಇತ್ತು. ಅಷ್ಟರಲ್ಲಿ ಅವನ ಮುಖ ಕಂಡಿತು. ಬಾಯಿ ತೆರೆದಿತ್ತು, ಬಣ್ಣ ಇಳಿದಿತ್ತು. ತಮ್ಮನ ಮೇಲೆ ಕೈ ಮಾಡಿದ ನಾಚಿಕೆ ಕ್ಷಣದಲ್ಲೇ ಸಿಟ್ಟಾಗಿ ತಿರುಗುತ್ತಿತ್ತು, ಬಡಿಗೆ ಮತ್ತೆ ಏಳುತ್ತಿತ್ತು. ಆ ನಸುಕಿನಲ್ಲಿ ಕನ್ನಡಿ ಹಿಡಿದಿದ್ದರೆ ತನ್ನ ಮುಖವೂ ಹೀಗೇ ಕಾಣುತ್ತಿತ್ತು.

ಸ್ಟಿಕ್ಕು ಬಿಟ್ಟು ಅವನ ಮುಂಗೈ ಹಿಡಿದಳು.

"ಸಾಕು ಕಣಣ್ಣ. ಎರಡನೇ ಏಟು ಬೇಡ. ಅದನ್ನ ಹೊಡೆದೋಳು ನಾನು, ನನಗೆ ಗೊತ್ತು. ಬಾ, ಅವರ ಹೆಗಲು ಹಿಡಿ."

ಬಡಿಗೆ ನೆಲಕ್ಕೆ ಬಿತ್ತು. ಅಷ್ಟು ದೊಡ್ಡ ಗಂಡಸು ಹೇಳಿದಂತೆ ಕೇಳಿದ.

ನಿಜಾಮುದ್ದೀನನ ಪಡಸಾಲೆಯಲ್ಲಿ ಮತ್ತೆ ಬಿದಿರು, ಮತ್ತೆ ಬಟ್ಟೆ. ಒಂದು ಕಡೆ ಗದಿಗೆಪ್ಪ ಹೆಗಲು ಒತ್ತಿ ಹಿಡಿದಿದ್ದ. ಇನ್ನೊಂದು ಕಡೆ ಚೆಲುವಾಂಬ ಮೊಣಕೈ ಹಿಡಿದಿದ್ದಳು. ಎಲುಬು ಕೂಡಿಸುವಾಗ ಉಡಚಪ್ಪ ಬಟ್ಟೆ ಕಚ್ಚಿಕೊಂಡು ನರಳಿದ. ಅದೇ ಹೊತ್ತಿಗೆ ಹೊರಗೆ ಕಾಮಣ್ಣನಿಗೆ ಬೆಂಕಿ ಬಿತ್ತು. ಓಣಿಗೆ ಓಣಿಯೇ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಗೋಳಾಡಿತು. ಆ ಗದ್ದಲದಲ್ಲಿ ಚೆಲುವಾಂಬಳೂ ಅತ್ತಳು. ಅಪ್ಪ ಸತ್ತಾಗಲೂ ಅತ್ತವಳಲ್ಲ. ಬಿಕ್ಕಿ ಬಿಕ್ಕಿ ಅತ್ತಳು, ಮೊಣಕೈ ಮಾತ್ರ ಬಿಡಲಿಲ್ಲ. ಗದಿಗೆಪ್ಪ ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಫಕ್ಕೀರವ್ವ ಬಂದು ಮಗನ ಹಣೆ ಮುಟ್ಟಿ ನೋಡಿದಳು. ಆಮೇಲೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಳು.

"ಒಬ್ಬಾಕಿ ಮುರದಿ. ಒಬ್ಬಾವ ಕೂಡಿಕೊಳ್ಳೂದನ್ನ ಮತ್ತ ಮುರದಿ. ನನಗ ವಯಸ್ಸಾತು, ಇವಗ ಉಣಸಾಕ ನನ್ನ ಕೈಲೆ ಆಗೂದಿಲ್ಲ. ಗದಿಗ್ಯಾ, ಸಂಜಿ ಊಟ ನಿಂದು. ಮುಂಜಾನಿದು ಈಕಿದು. ಕೈ ನೆಟ್ಟಗಾಗೂ ತನಕ ಇಬ್ಬರೂ ಓಣಿ ಬಿಟ್ಟು ಎಲ್ಲೀ ಹೋಗೂ ಹಂಗಿಲ್ಲ. ಮನಿ ಖಾಲಿ ಮಾಡಸ್ತೇನಿ ಅಂತ ಯಾರರ ಅಂದ್ರ ನನ್ನ ಕಸಬರಿಗಿ ಇನ್ನೂ ಸವದಿಲ್ಲ."

ಇಬ್ಬರೂ ತಲೆಯಾಡಿಸಿದರು. ಚಿಕ್ಕತಾಯಮ್ಮ ಒಬ್ಬಳು ಮಾತ್ರ, ಅರ್ಥವಾಗದೆ, "ಏನಂತೆ ಕಣ್ ಮಗ?" ಅಂದಳು. "ಇಲ್ಲೇ ಇರ್ಬೇಕಂತೆ ಕಣವ್ವ," ಅಂದಳು ಮಗಳು.

ಕಾಮಣ್ಣನ ಮೇಲೆ ಬಿದ್ದದ್ದು ತಿರುಗಿ ಬರುವುದಿಲ್ಲ. ಚೆಲುವಾಂಬಳ ಬಾಗಿಲು ಬೂದಿಯಾಗಿತ್ತು. ಬೆಳಗಾಗುತ್ತಲೇ ಗದಿಗೆಪ್ಪ ತನ್ನ ಮನೆಯ ಕದವನ್ನು ಕಳಚಿ, ಬೆನ್ನ ಮೇಲೆ ಹೊತ್ತು ತಂದು, ಅವಳ ಚೌಕಟ್ಟಿಗೆ ಕೂರಿಸಿ ಹೋದ. ಕ್ಷಮೆ ಗಿಮೆ ಕೇಳಲಿಲ್ಲ. ಬಿಜಾಗರಿಗೆ ಎಣ್ಣೆ ಹಚ್ಚಿದ, ಅಖ್ತರಿಯ ಪಟ್ಟಿ ಕಟ್ಟಿದ ಮುಂಗೈ ನೋಡಿದ, ತಲೆ ತಗ್ಗಿಸಿದ, ನಡೆದ.

ಹೀಗಾಗಿ ಬಣ್ಣದಾಟದ ಆ ದಿನ ಫಕ್ಕೀರವ್ವನ ಮನೆಗೆ ಬಾಗಿಲೇ ಇರಲಿಲ್ಲ. ಬೀದಿಯಲ್ಲಿ ನಿಂತವರಿಗೆ ಮಗ್ಗ ಕಾಣುತ್ತಿತ್ತು, ಮಗ್ಗದ ಪಕ್ಕದಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡು ಕೂತ ಉಡಚಪ್ಪ ಕಾಣುತ್ತಿದ್ದ, ಅವನ ಎದುರಿಗೆ ಊದಿದ ತುಟಿಯ ಆಟದ ಟೀಚರೂ ಕಾಣುತ್ತಿದ್ದಳು. ಕೆಂಪು ಹಸಿರು ಮುಖಗಳ ಓಣಿ ಮಂದಿ ಏನೂ ಕೆಲಸವಿಲ್ಲದವರಂತೆ ಅಲ್ಲಿಯೇ ಸುಳಿದಾಡುತ್ತಿದ್ದರು. ಅಖ್ತರಿಯಂತೂ ತನ್ನ ಕಟ್ಟೆಯ ಮೇಲೆ ಕಾಲು ಚಾಚಿ ಸರಿಯಾಗಿ ಕಾಣುವಂತೆ ಕೂತಿದ್ದಳು.

ಚೆಲುವಾಂಬ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ಫಕ್ಕೀರವ್ವನೇ ಮಾಡಿಕೊಟ್ಟ ಹೋಳಿಗೆ. ಅವನು ಬೇಕೆಂತಲೇ ನಿಧಾನ ಅಗಿದ.

"ಬೇಗ ತಿನ್ನಿ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ನುಂಗೂದಾದ್ರ ಮುದ್ದಿ. ಹೋಳಿಗಿ ಅಗೀಬೇಕು." ಮತ್ತೊಂದು ತುತ್ತಿಗೆ ಬಾಯಿ ತೆರೆದವನು ಹಾಗೇ ಮುಚ್ಚಿದ. ಮುಖದಲ್ಲಿದ್ದ ತಮಾಷೆ ಹೋಯಿತು. "ಒಂದು ಮಾತು ಕೇಳ್ತೇನಿ. ಸಿಟ್ಟಿಗೇಳಬಾರದು."

"ಕೇಳಿ."

"ಕೈ ನೆಟ್ಟಗಾತಂದ್ರ ನೀವು ಬರೂದು ಬಿಡ್ತೀರೇನ್ರಿ?"

ಬೀದಿಯಲ್ಲಿ ಹಲಗೆಯ ಸದ್ದು ನಿಂತುಹೋಗಿತ್ತು. ಅವಳು ತುಪ್ಪದ ಬೆರಳನ್ನು ಒರೆಸಿಕೊಂಡಳು. ಕಿವಿಯವರೆಗೆ ಕೆಂಪಾಗಿದ್ದಳು, ಯಾರೂ ಬಣ್ಣ ಹಾಕಿರಲಿಲ್ಲ.

"ಇನ್ನೊಂದು ಕೈ ಇದೆಯಲ್ಲ," ಅಂದಳು. "ಅದನ್ನ ಮುರೀತೀನಿ."

ಉಡಚಪ್ಪ ಅವಳ ಮುಖವನ್ನು ನೋಡಿದ. ಆಮೇಲೆ ಎಡಗೈಯನ್ನು ಮುಂದೆ ಚಾಚಿದ.

"ಮುರಿಯೂದು ಆಮ್ಯಾಲ. ಈಗ ಹಿಡಕೋರಿ."

ಅಷ್ಟು ಜನರ ಎದುರಿಗೆ, ಮುಚ್ಚಿಕೊಳ್ಳಲು ಒಂದು ಬಾಗಿಲೂ ಇಲ್ಲದ ಮನೆಯಲ್ಲಿ, ಅವಳು ಹಿಡಿದುಕೊಂಡಳು.